ಪ್ಲಗ್ ಬದಲಾಯಿಸಿದೆವು, ಕಾಯಿಲ್ ಬದಲಾಯಿಸಿದೆವು, ರೋಗ ಬೇರೆ ಕಡೆ ಇತ್ತು

ಮದ್ದೂರಿನ ಶಿವಪುರ ಅಂದರೆ ಎಲ್ಲರಿಗೂ ನೆನಪಾಗುವುದು ಸತ್ಯಾಗ್ರಹ ಸೌಧ. 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆದ ಜಾಗ. ನಮ್ಮ ಮನೆಯವರಿಗೆ ಮಾತ್ರ ಕಳೆದ ಮಳೆಗಾಲದಿಂದ ಅದು ಕಾರು ಕೈಕೊಟ್ಟ ಜಾಗವೂ ಹೌದು.

ಕಾರು ಮಾರುತಿ ಎಸ್ಟೀಮ್. 1994ರಲ್ಲಿ ಈ ಮಾಡೆಲ್ ಬಂದಾಗ 1.3 ಲೀಟರ್ ಎಂಜಿನ್ನಿನ ಇದು ರಸ್ತೆಯ ಮೇಲಿನ ಚುರುಕು ಕಾರುಗಳಲ್ಲಿ ಒಂದು. ರ‍್ಯಾಲಿಗಳಲ್ಲೂ ಓಡಿದೆ, ಚೆನ್ನೈ ಹತ್ತಿರದ ಶ್ರೀಪೆರಂಬುದೂರು ಟ್ರ್ಯಾಕಿನಲ್ಲೂ ಓಡಿದೆ. ನಮ್ಮದು ಹಳೆಯ ಕಾರ್ಬುರೇಟರ್ ಮಾಡೆಲ್. ಅಪ್ಪ ಬೆಲ್ಲಕ್ಕೆ ಒಳ್ಳೆ ರೇಟು ಸಿಕ್ಕ ವರ್ಷ ಸೆಕೆಂಡ್ ಹ್ಯಾಂಡ್ ತಂದಿದ್ದು. ಅಪ್ಪ ಹೋದ ಮೇಲೆ ನಾವು ಅಣ್ಣ ತಮ್ಮ ಇಬ್ಬರೂ ಸೇರಿ ಅಗಲ ಸೈಲೆನ್ಸರ್ ಹಾಕಿಸಿದೆವು, ಗಾಳಿ ಜಾಸ್ತಿ ಎಳೆಯುವ ಫಿಲ್ಟರ್ ಹಾಕಿಸಿದೆವು. ವಯಸ್ಸಿನ ಹುಚ್ಚು.

ಆಮೇಲೆ ಆ ಕಾರಿಗೆ ಬೇರೆ ಕೆಲಸ ಬಂತು. ದೊಡ್ಡವ್ವನಿಗೆ ವಾರಕ್ಕೆ 2 ಸಲ ಮಂಡ್ಯದಲ್ಲಿ ಡಯಾಲಿಸಿಸ್. ಬೆಳಗಿನ ಮೊದಲ ಪಾಳಿ. ಹೋಗುವುದು ಇಪ್ಪತ್ತು ಕಿಲೋಮೀಟರ್ ಆಸುಪಾಸು, ಆದರೆ ಆ ಹೊತ್ತಿಗೆ ಬಸ್ಸು ನಂಬಿಕೊಂಡು ಕೂರುವ ಹಾಗಿಲ್ಲ.

ಕಾರು ಮುಂಚೆಯೇ ಹೇಳಿತ್ತು. ಮೊದಲು ಬೆಳಗ್ಗೆ ಸ್ಟಾರ್ಟ್ ಆಗಲು ತಡ. ಆಮೇಲೆ ಮೂರನೇ ಗೇರಿನಲ್ಲಿ ಜೋರಾಗಿ ತುಳಿದರೆ ಮಿಸ್ಸಿಂಗ್, ಸೈಲೆನ್ಸರಿನಲ್ಲಿ ಪಟ್ ಪಟ್. ಯಾರೋ ಪ್ಲಗ್ ಅಂದರು, 4 ಪ್ಲಗ್ ಬದಲಾಯಿಸಿದೆವು. ಇನ್ನೊಬ್ಬರು ಕಾಯಿಲ್ ಅಂದರು, ಅದನ್ನೂ ಹಾಕಿಸಿದೆವು. ಮತ್ತೊಬ್ಬರು ಪೆಟ್ರೋಲಿನಲ್ಲಿ ನೀರು ಅಂದರು, ಟ್ಯಾಂಕ್ ಖಾಲಿ ಮಾಡಿಸಿದೆವು. ಒಂದು ವಾರ ಸರಿ ಇರುತ್ತಿತ್ತು, ಮತ್ತೆ ಅದೇ.

ಒಂದು ದಿನ ಬೆಳಗಿನ ಜಾವ, ಸೋನೆ ಮಳೆ, ಸೌಧದ ಎದುರಿಗೆ ಎಂಜಿನ್ ಆಫ್. ಹಿಂದಿನ ಸೀಟಿನಲ್ಲಿ ದೊಡ್ಡವ್ವ ಸೆರಗು ಹೊದ್ದು ಕೂತಿದ್ದಳು. ಕತ್ತಲಲ್ಲಿ ಬಾನೆಟ್ ಎತ್ತಿ ಒಬ್ಬರು ಸೆಲ್ಫ್ ಹೊಡೆದೆವು, ಒಬ್ಬರು ಬಗ್ಗಿ ನೋಡಿದೆವು. ಆಗ ಕಂಡಿತು. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮೇಲೆ ನೀಲಿ ಕಿಡಿಗಳು ಮಿಂಚುಹುಳದ ಹಾಗೆ ಹರಿದಾಡುತ್ತಿದ್ದವು. ಪ್ಲಗ್ಗಿಗೆ ಹೋಗಬೇಕಾದ ಕರೆಂಟು ಹೊರಗೇ ಓಡಾಡುತ್ತಿತ್ತು.

ಟವಲಿನಲ್ಲಿ ಒರೆಸಿದೆವು. ಸ್ಟಾರ್ಟ್ ಆಯಿತು, ಎರಡು ನಿಮಿಷಕ್ಕೆ ಮತ್ತೆ ನಿಂತಿತು.

"ನಂದೇನ್ ಬುಡ್ಲಾ ಮಗ, ನೀನ್ ನೆನೀಬ್ಯಾಡ" ಅಂದಳು ದೊಡ್ಡವ್ವ. ಅವಳ ಕಾಲು ಊದಿಕೊಂಡು ಚಪ್ಪಲಿ ಹಿಡಿಯುತ್ತಿರಲಿಲ್ಲ. ಕೊನೆಗೆ ಒಂದು ಆಟೋ ಸಿಕ್ಕಿತು. ತಡವಾಗಿ ಮುಟ್ಟಿದ್ದರಿಂದ ಅವತ್ತು ಅವಳಿಗೆ ಪೂರ್ತಿ ಹೊತ್ತು ಸಿಗಲಿಲ್ಲ. ರಾತ್ರಿಯೆಲ್ಲಾ ದಿಂಬಿಗೆ ಒರಗಿಕೊಂಡೇ ಉಸಿರಾಡಿದಳು. ನಾವು ಬಾಗಿಲ ಹತ್ತಿರ ಕೂತಿದ್ದೆವು. ಏನೂ ಮಾತಾಡಲಿಲ್ಲ.

ಡಿಸ್ಟ್ರಿಬ್ಯೂಟರ್ ಕೆಲಸ ಏನು ಅಂತ ಸರಳವಾಗಿ ಹೇಳುತ್ತೇವೆ. 12 ವೋಲ್ಟ್ ಬ್ಯಾಟರಿಯ ಕರೆಂಟನ್ನು ಕಾಯಿಲ್ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಅದನ್ನು ಸರಿಯಾದ ಹೊತ್ತಿಗೆ, ಸರಿಯಾದ ಸಿಲಿಂಡರಿಗೆ ಹಂಚುವುದು ಡಿಸ್ಟ್ರಿಬ್ಯೂಟರ್. ಒಳಗೆ ರೋಟರ್ ತಿರುಗುತ್ತದೆ, ಮೇಲಿನ ಕ್ಯಾಪಿನಿಂದ 4 ವೈರ್ 4 ಪ್ಲಗ್ಗಿಗೆ ಹೋಗುತ್ತವೆ. ನಮ್ಮ ಕಾರಿನಲ್ಲಿ ಅದನ್ನು ತಿರುಗಿಸುವುದು ಕ್ಯಾಮ್‌ಶಾಫ್ಟ್. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿ ಬೇಕು. 6000 ಸುತ್ತಿಗೆ 200. ನಿಧಾನ ಓಡಿಸಿದರೆ ಮುಚ್ಚಿಹೋಗುವ ದೋಷ ಜೋರಾಗಿ ಓಡಿಸಿದಾಗ ಎದ್ದು ಕಾಣುವುದು ಇದಕ್ಕೇ.

ಗ್ಯಾರೇಜಿನಲ್ಲಿ ಕ್ಯಾಪ್ ಬಿಚ್ಚಿದರೆ ಒಳಗೆ ಕೂದಲೆಳೆಯಷ್ಟು ಬಿರುಕು, ಅದರ ಉದ್ದಕ್ಕೂ ಕಪ್ಪು ಗೆರೆ. ಹೊಸ ಕ್ಯಾಪ್ ಹಾಕಿದರೆ ಮುಗಿಯಿತು ಅಂದುಕೊಂಡೆವು. ಮೆಕ್ಯಾನಿಕ್ ರೋಟರ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ತೋರಿಸಿದರು.

"ನೋಡಿ ಸಾರ್, ಶಾಫ್ಟೇ ಆಡ್ತದೆ. ಬುಷ್ ಸವೆದೋಗದೆ. ಸೀಲ್ ಹೋಗಿ ಆಯಿಲ್ ಒಳಗೆ ಬಂದದೆ. ಕ್ಯಾಪ್ ಒಂದೇ ಹಾಕಿದ್ರೆ ಮತ್ತೆ ಬರ್ತೀರಾ."

ಹೊಸದು ಹತ್ತಿರದಲ್ಲಿ ಎಲ್ಲೂ ಸಿಗಲಿಲ್ಲ. ಹಳೆಯದನ್ನು ಬಿಚ್ಚಿಸಿ ಚೀಲಕ್ಕೆ ಹಾಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆವು. ಒಂದು ಅಂಗಡಿಯಲ್ಲಿ "ಎಲ್ಲಾ ಒಂದೇ ಸಾರ್" ಅಂತ ಬೇರೆಯದನ್ನೇ ಕೊಡಲು ಬಂದರು. ಪಕ್ಕದಲ್ಲಿಟ್ಟು ನೋಡಿದರೆ ವೈರ್ ಸಾಕೆಟ್ ಬೇರೆ, ಮೈಮೇಲಿನ ನಂಬರ್ ಬೇರೆ. ಹಳೆಯದು ಕೈಯಲ್ಲಿ ಇರದಿದ್ದರೆ ಮೋಸ ಹೋಗುತ್ತಿದ್ದೆವು. ನಾಲ್ಕನೇ ಅಂಗಡಿಯಲ್ಲಿ ಹೊಸ ಬುಷ್, ಹೊಸ ಸೀಲ್ ಹಾಕಿ ರೆಡಿ ಮಾಡಿದ್ದು ಸಿಕ್ಕಿತು.

ಬಿಚ್ಚುವ ಮುಂಚೆ ಮೆಕ್ಯಾನಿಕ್ ಮಾಡಿದ್ದನ್ನು ನಾವು ಫೋನಿನಲ್ಲಿ ಫೋಟೋ ತೆಗೆದು ಇಟ್ಟುಕೊಂಡಿದ್ದೆವು. ನಿಮಗೂ ಉಪಯೋಗಕ್ಕೆ ಬರಬಹುದು:

ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಬೇಕು. ವೈರುಗಳಿಗೆ 1, 2, 3, 4 ಅಂತ ಟೇಪ್ ಸುತ್ತಬೇಕು. ಈ ಎಂಜಿನ್ನಿನಲ್ಲಿ ಕಿಡಿ ಬೀಳುವ ಸರದಿ 1-3-4-2, ವೈರ್ ಅದಲು ಬದಲಾದರೆ ಎಂಜಿನ್ ಕೆಮ್ಮುತ್ತದೆ. ಒಂದನೇ ಪಿಸ್ಟನ್ ಕಂಪ್ರೆಷನ್ನಿನಲ್ಲಿ ಪೂರ್ತಿ ಮೇಲೆ ಬರುವ ಹಾಗೆ ಎಂಜಿನ್ ತಿರುಗಿಸಿ ನಿಲ್ಲಿಸಬೇಕು. ರೋಟರ್ ಎತ್ತ ನೋಡುತ್ತಿದೆ ಅಂತ ಒಂದು ಗುರುತು, ಡಿಸ್ಟ್ರಿಬ್ಯೂಟರ್ ಮೈ ಎಂಜಿನ್ನಿಗೆ ಕೂತ ಜಾಗಕ್ಕೆ ಇನ್ನೊಂದು ಗುರುತು. ಆಮೇಲೆ ಬೋಲ್ಟ್ ಬಿಚ್ಚಿ ಎಳೆಯುವುದು. ಹೊಸದನ್ನು ಕೂರಿಸುವ ತನಕ ಎಂಜಿನ್ ತಿರುಗಿಸಬಾರದು. ಹೊಸ ರಬ್ಬರ್ ರಿಂಗ್ ಹಾಕಿ, ಅದೇ ಗುರುತಿಗೆ ರೋಟರ್ ಬರುವ ಹಾಗೆ ಕೂರಿಸಬೇಕು.

ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು. ಟೈಮಿಂಗ್ ಲೈಟ್ ಅಲ್ಲಿ ಇರಲಿಲ್ಲ, ಕಿವಿಯಲ್ಲೇ ಕೇಳಿ ಸೆಟ್ ಮಾಡಿದರು. ಕಾರು ಹಾರಿಕೊಂಡು ಹೋಗುತ್ತಿತ್ತು, ನಮಗೂ ಖುಷಿ. ಆದರೆ ಏರು ಹತ್ತುವಾಗ ಎಂಜಿನ್ನಿನಲ್ಲಿ ಕಟಕಟ ಸದ್ದು. ಕಿಡಿ ಬೇಗ ಬೀಳುತ್ತಿತ್ತು. ಹಾಗೇ ಓಡಿಸಿದ್ದರೆ ಪಿಸ್ಟನ್ನೇ ಹೋಗುತ್ತಿತ್ತು. ಮಂಡ್ಯದಲ್ಲಿ ಟೈಮಿಂಗ್ ಲೈಟ್ ಇರುವ ಗ್ಯಾರೇಜಿಗೆ ಹೋಗಿ, ಒಂದನೇ ವೈರಿಗೆ ಕ್ಲಿಪ್ ಹಾಕಿ, ಪುಲ್ಲಿಯ ಗುರುತು ನೋಡುತ್ತಾ ಕಂಪನಿ ಪುಸ್ತಕದಲ್ಲಿರುವ ಡಿಗ್ರಿಗೆ ತಿರುಗಿಸಿ ಬಿಗಿ ಮಾಡಿಸಿದೆವು. ಸದ್ದು ನಿಂತಿತು.

ಲೆಕ್ಕ ಹಾಕಿದರೆ ಪ್ಲಗ್, ಕಾಯಿಲ್, ಟ್ಯಾಂಕ್ ಕ್ಲೀನಿಂಗ್ ಎಲ್ಲಾ ದಂಡ. ನಾವು ಸುದ್ದಿ ಬರೆಯುವ ಮನೆ. ಯಾರೋ ಹೇಳಿದರು ಅಂತ ಸುದ್ದಿ ಕಳಿಸುವುದಿಲ್ಲ, ಎರಡು ಕಡೆ ವಿಚಾರಿಸುತ್ತೇವೆ. ಕಾರಿನ ವಿಷಯದಲ್ಲಿ ಮಾತ್ರ ಯಾರು ಏನು ಹೇಳಿದರೂ ದುಡ್ಡು ಕೊಟ್ಟೆವು. ಕಾಯಿಲಿನಿಂದ ಪ್ಲಗ್ಗಿನವರೆಗೆ ಕರೆಂಟು ಎಲ್ಲಿ ತಪ್ಪುತ್ತಿದೆ ಅಂತ ಸಾಲಾಗಿ ನೋಡಿಸಿದ್ದರೆ ಅರ್ಧ ಗಂಟೆಯ ಕೆಲಸ. ದೊಡ್ಡವ್ವನ ಆ ರಾತ್ರಿಯೂ ಉಳಿಯುತ್ತಿತ್ತು.

ಈಗಿನ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ, ಆ ಕೆಲಸ ಕಂಪ್ಯೂಟರ್ ಮಾಡುತ್ತದೆ. ಆದರೆ ನಮ್ಮ ಕಡೆ ಹಳ್ಳಿಗಳಲ್ಲಿ ಕಾರ್ಬುರೇಟರ್ ಕಾಲದ ಮಾರುತಿ 800, ಓಮ್ನಿ ಇನ್ನೂ ಓಡುತ್ತಿವೆ. ಮಳೆಗಾಲಕ್ಕೆ ಮುಂಚೆ ಒಮ್ಮೆ ಕ್ಯಾಪ್ ಬಿಚ್ಚಿಸಿ ಬಿರುಕು ನೋಡಿಸಿ, ರೋಟರ್ ಅಲ್ಲಾಡಿಸಿ ನೋಡಿಸಿ. ಎಂಜಿನ್ ಓಡುವಾಗ ಮಾತ್ರ ಆ ವೈರುಗಳಿಗೆ ಕೈ ಹಾಕಬೇಡಿ, ಜೋರು ಶಾಕ್ ಹೊಡೆಯುತ್ತದೆ.

ಕೆಲಸ ಆದ ಮೇಲೆ ಮೊದಲ ಸಲ ಮಂಡ್ಯಕ್ಕೆ ಹೋದ ದಿನವೂ ಮಳೆಯೇ. ಸೌಧ ದಾಟುವಾಗ ನಾವು ಇಬ್ಬರೂ ಉಸಿರು ಬಿಗಿ ಹಿಡಿದಿದ್ದೆವು. ಗೆಜ್ಜಲಗೆರೆ ದಾಟಿದ ಮೇಲೆ ಹಿಂದಿನಿಂದ ದೊಡ್ಡವ್ವ ಅಂದಳು: "ಇವತ್ತು ಕೆಮ್ಮನಿಲ್ಲ ಕಣ್ಲಾ ನಿಮ್ ಕಾರು."

ಆದರೂ ಅವತ್ತು ಸಿಕ್ಕಿದ ಆಟೋದವರ ನಂಬರ್ ನಮ್ಮಿಬ್ಬರ ಫೋನಿನಲ್ಲೂ ಹಾಗೇ ಇದೆ.