ಸಾರಥಿಯ ಹೆಸರು

ಸುಳ್ಳು ಹೇಳುವದು ಪಾಪವೆಂಬುದನ್ನು ನಮ್ಮ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಹೇಳತಕ್ಕದ್ದನ್ನು ಹೇಳದೆ ಬಿಡುವದೂ ಅಸತ್ಯದ ಒಂದು ರೂಪವೇ ಎಂಬುದು ಅಷ್ಟು ಸುಲಭವಾಗಿ ಮನಸ್ಸಿಗೆ ಹತ್ತುವದಿಲ್ಲ. ಆಡಿದ ಮಾತಿಗೆ ಸಾಕ್ಷಿಯುಂಟು; ಮೌನಕ್ಕೆ ಸಾಕ್ಷಿಯೆಲ್ಲಿ? ಈ ಧೈರ್ಯದಿಂದಲೇ ಸಜ್ಜನರೂ ಕೆಲವು ಕಾಗದಗಳ ಮುಂದೆ ಮೌನವ್ರತವನ್ನು ಹಿಡಿಯುವರು. ಮೋಟಾರು ಗಾಡಿಯ ವಿಮೆಯ ಅರ್ಜಿಯು ಅಂಥ ಕಾಗದಗಳಲ್ಲೊಂದು. ಅದರ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವೆನು.

ನಮ್ಮ ಚೌಡಾಪುರವು ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿರುವದು. ಭೀಮಾ-ಅಮರ್ಜಾ ಸಂಗಮದ ಗಾಣಗಾಪುರಕ್ಕೆ ಹೋಗುವ ಯಾತ್ರಿಕರು ಇಲ್ಲಿಂದಲೇ ಹೊರಳುವರು. ಚಕ್ಕಡಿಗಳಿದ್ದ ಕಡೆ ಈಗ ಕಾರು ಜೀಪುಗಳು ಬಂದಿರುವವು. ಆದರೆ ಚಕ್ಕಡಿಯ ಕಾಲದ ರೂಢಿ ಮಾತ್ರ ಹೋಗಿಲ್ಲ. ಚಕ್ಕಡಿಯು ಮನೆತನದ್ದು, ಯಾರ ಕೈ ಬಿಡುವಾಗಿದ್ದಿತೋ ಅವರು ಎತ್ತು ಹೂಡಿ ಹೊಡೆಯುತ್ತಿದ್ದರು. ಕಾರಿನ ರೀತಿಯೂ ಅದೇ. ಕಾಗದದಲ್ಲಿ ಅದು ಮನೆಯ ಹಿರಿಯರದು. ಹಿರಿಯರಾದರೋ ಪಕ್ಕದ ಆಸನದಲ್ಲಿ ಕೂಡುವವರು. ಹೊಡೆಯುವವರು ಮಗ, ಅಳಿಯ, ತಂಗಿಯ ಮಗ, ತಿಂಗಳ ಸಂಬಳದ ಡ್ರೈವರ. ಒಮ್ಮೊಮ್ಮೆ ಇನ್ನೂ ಮೀಸೆ ಮೂಡದ ಮೊಮ್ಮಗ.

ನಿವೃತ್ತ ಮಾಸ್ತರನೆಂದು ಊರವರು ಇಂಥ ಅರ್ಜಿಗಳನ್ನು ಓದಿಸಲು ನನ್ನ ಬಳಿಗೆ ತರುವದುಂಟು. ಗಾಡಿಯನ್ನು ಯಾರು ನಡೆಸುವರು, ಅವರ ವಯಸ್ಸೆಷ್ಟು, ದೃಷ್ಟಿ ಸರಿಯಿದೆಯೇ, ಹಿಂದೆ ಅಪಘಾತ ಮಾಡಿರುವರೇ ಎಂದು ಕೆಲವು ಅರ್ಜಿಗಳಲ್ಲಿ ಕೇಳಿರುವದು. ಆ ಜಾಗವು ಬಹುಶಃ ಖಾಲಿ, ಇಲ್ಲವೆ ಏಜಂಟನು ತುಂಬಿದ 'ಸ್ವತಃ' ಎಂಬ ಒಂದೇ ಶಬ್ದ. "ಹೊಡೆಯುವವರ ಹೆಸರು ಯಾಕೆ ಬರೆಸಲಿಲ್ಲ?" ಎಂದು ಒಬ್ಬ ಒಕ್ಕಲಿಗರನ್ನು ಕೇಳಿದೆನು. "ಮಾಸ್ತರ್ರೇ, ಗಾಡಿ ಮನೀದು, ಮನಿ ಮಂದಿ ಎಲ್ಲಾರೂ ಹೊಡೀತಾರ. ಯಾರ್ಯಾರ ಹೆಸರಂತ ಬರಸೋದ್ರಿ?" ಎಂದರು. ಆ ಮಾತಿನಲ್ಲಿ ಕಪಟವಿರಲಿಲ್ಲ. ಆದರೆ ಕಪಟವಿಲ್ಲದ ಮೌನವೂ ಫಲ ಕೊಡದೆ ಬಿಡುವದಿಲ್ಲ.

ಈ ಪ್ರಶ್ನೆಯು ಪರದೇಶದಿಂದ ಬಂದುದೆಂದು ತಿಳಿಯಬಾರದು. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಬಂಡಿಯಿಂದಾದ ಹಾನಿಯನ್ನು ವಿಚಾರಿಸುವದು. ಬಂಡಿ ಹೊಡೆಯುವವನಿಗೆ ಅಲ್ಲಿ 'ಪ್ರಾಜಕ'ನೆಂದು ಹೆಸರು. ಅವನು ನಿಪುಣನಾಗಿದ್ದರೆ ದಂಡವು ಅವನಿಗೇ. ಅವನ ಅನೈಪುಣ್ಯದಿಂದ ಬಂಡಿಯು ದಾರಿ ತಪ್ಪಿ ಹಾನಿಯಾದರೆ ಒಡೆಯನಿಗೆ 200 ಪಣ. ಅಂಥವನ ಬಂಡಿಯಲ್ಲಿ ಕುಳಿತವರಿಗೂ ತಲೆಗೆ 100 ಪಣ. ಹೊಡೆಯುವವನು ಎಂಥವನೆಂದು ಅರಿಯುವದು ಒಡೆಯನ ಧರ್ಮವೆಂದಾಯಿತು. ದೋಷವನ್ನು ಹೇಳದೆ ಕನ್ಯೆಯನ್ನು ಕೊಟ್ಟವನಿಗೆ ಯಾಜ್ಞವಲ್ಕ್ಯನು ಉತ್ತಮ ಸಾಹಸವೆಂಬ ಹಿರಿಯ ದಂಡವನ್ನು ವಿಧಿಸಿರುವನು. ಮೊದಲೇ ತಿಳಿಸಿ ಕೊಟ್ಟವನಿಗೆ ದಂಡವಿಲ್ಲವೆಂದು ಮನುವಿನ ಮತ. ಆ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ನಮ್ಮ ಜಿಲ್ಲೆಯ ಮರತೂರಿನವನೆಂದು ಪ್ರತೀತಿಯುಂಟು. ಇಂಗ್ಲಂಡದ ನ್ಯಾಯಾಧೀಶ ಮ್ಯಾನ್ಸಫೀಲ್ಡನು 1766ರಲ್ಲಿ ವಿಮೆಯ ಕರಾರಿಗೆ ಪರಸ್ಪರ ವಿಶ್ವಾಸವೇ ತಳಹದಿಯೆಂದೂ, ತನಗೆ ಮಾತ್ರ ತಿಳಿದುದನ್ನು ಯಾವ ಪಕ್ಷವೂ ಮುಚ್ಚಿಡಬಾರದೆಂದೂ ಹೇಳಿದಾಗ, ಈ ಹಳೆಯ ಮಾತೇ ಹೊಸ ವೇಷದಿಂದ ಬಂದಂತಾಯಿತು.

ಇಂಗ್ಲಂಡ ಅಮೇರಿಕಗಳಲ್ಲಿರುವ ನಮ್ಮ ಮಕ್ಕಳು ವಿಮೆಗೆ ಅರ್ಜಿ ಹಾಕುವಾಗ ಗಾಡಿ ನಡೆಸುವ ಮನೆಯವರನ್ನು ಸಾಮಾನ್ಯವಾಗಿ ಹೆಸರಿಸಲೇಬೇಕು. ಹದಿಹರೆಯದ ಮಗನ ಹೆಸರು ಸೇರಿದರೆ ಕಂತು ಏರುವದು. ಅದನ್ನು ಉಳಿಸಲು ಹೆಸರು ಮುಚ್ಚಿಟ್ಟವರ ವಿಮೆಯು ಅಪಘಾತದ ದಿನ ಮುರಿದುಬೀಳಬಹುದು. ನಮ್ಮಲ್ಲಿ ಕ್ರಮವೇ ಬೇರೆ. ಅನ್ಯರಿಗಾಗುವ ಹಾನಿಯ ವಿಮೆಯು ಇಂಜಿನ್ನಿನ ಶಕ್ತಿಯನ್ನು ನೋಡುವದೇ ಹೊರತು ಚಾಲಕನ ಮುಖವನ್ನಲ್ಲ: 2022ರ ಜೂನ್ ತಿಂಗಳಲ್ಲಿ ಜಾರಿಗೆ ಬಂದ ದರದಲ್ಲಿ 1000 ಸಿಸಿ ಮೀರದ ಖಾಸಗಿ ಕಾರಿಗೆ 2,094 ರೂಪಾಯಿ. ಒಡೆಯನ ಒಪ್ಪಿಗೆಯಿಂದ, ಸರಿಯಾದ ಲೈಸೆನ್ಸು ಇದ್ದವರು ನಡೆಸಬಹುದು. ಹೀಗಿರುವಾಗ ಹೆಸರಿನ ಗೊಡವೆ ಯಾಕೆಂದು ಜನ ಕೇಳುವರು.

ಉತ್ತರವು ಕಾಯಿದೆಯಲ್ಲಿರುವದು. ಮಹತ್ವದ ಸಂಗತಿಯನ್ನು ತಿಳಿಸದೆ ಪಡೆದ ಪಾಲಿಸಿಯು ಅಸಿಂಧುವೆಂದು ವಾದಿಸಲು ಮೋಟಾರು ವಾಹನ ಕಾಯಿದೆಯೇ ಕಂಪನಿಗೆ ಎಡೆಗೊಟ್ಟಿದೆ. ಲೈಸೆನ್ಸಿಲ್ಲದವನು ನಡೆಸಿದಾಗ ಏನಾಗುವದೆಂಬುದನ್ನು ಸುಪ್ರೀಮ್ ಕೋರ್ಟಿನ ಮೂವರು ನ್ಯಾಯಮೂರ್ತಿಗಳು 2004ರಲ್ಲಿ ವಿಚಾರಿಸಿದರು. ಒಡೆಯನು ತಿಳಿದೂ ತಿಳಿದೂ ನಿಯಮ ಮುರಿದನೆಂಬುದನ್ನು ಕಂಪನಿಯೇ ಸಿದ್ಧಪಡಿಸಬೇಕು. ಸಿದ್ಧವಾದರೂ ಗಾಯಗೊಂಡ ಬಡವನಿಗೆ ಮೊದಲು ಹಣ ಕೊಡಿಸಿ, ಆಮೇಲೆ ಒಡೆಯನಿಂದ ವಸೂಲು ಮಾಡಿಸಬಹುದೆಂದರು. ಮೊಮ್ಮಗನ ಕೈಗೆ ಕೀಲಿ ಕೊಟ್ಟ ಅಜ್ಜನ ಹೊಲವು ಆ ವಸೂಲಿಗೆ ಹೋದರೆ ಆಶ್ಚರ್ಯವಿಲ್ಲ. ಅಲ್ಲದೆ 2019ರ ತಿದ್ದುಪಡಿಯಂತೆ, ಅಪ್ರಾಪ್ತನು ಗಾಡಿ ನಡೆಸಿ ಅಪರಾಧವಾದರೆ ಪಾಲಕನಿಗೆ ಅಥವಾ ಒಡೆಯನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ.

ಇನ್ನೂ ಮರ್ಮಕ್ಕೆ ತಾಗುವ ಮಾತೊಂದುಂಟು. ಇಲಕಲ್ಲಿನಿಂದ ತನ್ನ ಊರಿಗೆ ಹೊರಟ ಒಬ್ಬನು ಮತ್ತೊಬ್ಬರ ಮೋಟಾರು ಸೈಕಲ್ಲನ್ನು ಎರವಲು ತೆಗೆದುಕೊಂಡು ಹೋಗುತ್ತ, ಮುಂದಿದ್ದ ಎತ್ತಿನ ಬಂಡಿಯು ತಟ್ಟನೆ ನಿಲ್ಲಲು, ಅದಕ್ಕೆ ಬಡಿದು ಮಡಿದನು. ಎರವಲು ತಂದವನು ಒಡೆಯನ ಸ್ಥಾನದಲ್ಲಿಯೇ ನಿಂತಂತೆ, ತಪ್ಪನ್ನು ವಿಚಾರಿಸದೆ ಪರಿಹಾರ ಕೊಡುವ ವಿಧಿಯು ಅವನವರಿಗೆ ಅನ್ವಯಿಸದು ಎಂದು ಸುಪ್ರೀಮ್ ಕೋರ್ಟು 2009ರಲ್ಲಿ ನಿರ್ಣಯಿಸಿತು. ಬೇರೊಂದು ವಿಧಿಯಿಂದ ವಿಚಾರಿಸಲು ಹೈಕೋರ್ಟಿಗೆ ಮರಳಿ ಕಳುಹಿಸಿತು. ಒಡೆಯನಿಗಾದರೋ ಸ್ವಂತ ಅಪಘಾತದ ವಿಮೆಯುಂಟು. ಅದರ ಮೊತ್ತವು 2018ರಲ್ಲಿ 15 ಲಕ್ಷಕ್ಕೆ ಏರಿತು. ಅದು ಗಾಡಿಯ ಒಡೆಯನಿಗೆ ಮಾತ್ರ. ಅವನ ಮಗನಿಗಾಗಲಿ ಅಳಿಯನಿಗಾಗಲಿ ಸಲ್ಲದು.

ಹಿಂದೊಂದು ರಾತ್ರಿ ನನ್ನ ಮನೆಯವರಿಗೆ ಎದೆನೋವು ಬಂದಾಗ ನೆರೆಯವರ ತಂಗಿಯ ಮಗನು ಅವರ ಕಾರಿನಲ್ಲಿ ನಮ್ಮನ್ನು ಕಲಬುರಗಿಗೆ ಮುಟ್ಟಿಸಿದನು. ಹಿಂದೆ ಕುಳಿತ ನಮಗೆ ಅವನ ಹೆಗಲು ಮಾತ್ರ ಕಾಣುತ್ತಿದ್ದಿತು. ಈ ತೀರ್ಪನ್ನು ಓದಿದಂದಿನಿಂದ ಆ ಹೆಗಲು ನನ್ನ ಕಣ್ಣ ಮುಂದೆ ಬರುವದು. ನಾವು ಬದುಕಿದೆವು, ಆ ದಾರಿಯಲ್ಲಿ ಅವನಿಗೇನಾದರೂ ಆಗಿದ್ದರೆ, ಅವನ ತಾಯಿಯು ಯಾವ ಕಾಗದವನ್ನು ಹಿಡಿದು ಯಾರ ಬಾಗಿಲಿಗೆ ಹೋಗಬೇಕಾಗಿದ್ದಿತು? ನಾವು ಹೆಸರನ್ನು ಬಿಡುವಾಗ ಕಂಪನಿಯನ್ನು ಮೋಸಗೊಳಿಸಿದೆವೆಂದಾಗಲಿ, ಕಂತಿನಲ್ಲಿ ಉಳಿಸಿದೆವೆಂದಾಗಲಿ ಎಣಿಸುವೆವು. ನಿಜವಾಗಿ ಬಿಟ್ಟುಕೊಟ್ಟುದು ನಮ್ಮನ್ನು ಹೊತ್ತು ನಡೆಸುವವನನ್ನು.

ಉಪಾಯವು ದುರ್ಲಭವಲ್ಲ. ಕೇಳಿದ ಪ್ರಶ್ನೆಗೆ ಇದ್ದುದನ್ನು ಇದ್ದಂತೆ ಬರೆಸಿರಿ. ಏಜಂಟನು ತುಂಬಿದುದನ್ನು ಓದಿಸಿ ಕೇಳದೆ ರುಜು ಹಾಕಬೇಡಿರಿ. ಸಂಬಳದ ಡ್ರೈವರನಿದ್ದರೆ ಅವನ ಹೊಣೆಯ ಕಂತನ್ನು ಕೂಡಿಸಿರಿ. ಗಾಡಿ ನಡೆಸುವ ಮಕ್ಕಳಿಗೆ ಅವರವರ ಹೆಸರಿನಲ್ಲಿಯೇ ಅಪಘಾತ ವಿಮೆಯನ್ನು ಮಾಡಿಸಿರಿ. ಲೈಸೆನ್ಸಿಲ್ಲದವನಿಗೆ ಕೀಲಿಯನ್ನು ಕೊಡಬೇಡಿರಿ, ಅವನು ಮನೆಯ ಕಣ್ಮಣಿಯಾಗಿದ್ದರೂ ಸರಿಯೇ. ಅರ್ಜುನನ ರಥವನ್ನು ನೆನೆದವರು ಸಾರಥಿಯ ಹೆಸರನ್ನು ಮರೆತುದುಂಟೇ? ನಮ್ಮ ಮನೆಯ ಸಾರಥಿಗೂ ಅರ್ಜಿಯಲ್ಲಿ ಒಂದು ಸಾಲಿನ ಸ್ಥಳ ದೊರೆಯಲಿ.