ರಿಪ್ಯಾಕ್: ಗುಜರಿ ಸೈಕಲ್ಲುಗಳು ಪಾಠ ಕಲಿತ ಗುಡ್ಡ

ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್‌ಫ್ರಾನ್ಸಿಸ್ಕೋ ನಗರದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೊರಟರೆ ಸಿಗುವುದು ಮರಿನ್ ಕೌಂಟಿ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ಕೊಲ್ಲಿ, ನಡುವೆ ಗುಡ್ಡಗಳ ಸಾಲು. ಈ ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರವಾದದ್ದು 2,571 ಅಡಿಯ ಟಮಲ್ಪೈಸ್ ಬೆಟ್ಟ. ಸ್ಥಳೀಯರು ಪ್ರೀತಿಯಿಂದ ‘ಟ್ಯಾಮ್’ ಎನ್ನುತ್ತಾರೆ. ಅದರ ಉತ್ತರಕ್ಕೆ, ಗುಡ್ಡಗಳ ಬುಡದಲ್ಲಿ, ಫೇರ್‌ಫ್ಯಾಕ್ಸ್ ಎಂಬ ಪುಟ್ಟ ಪಟ್ಟಣವಿದೆ. ಇಂದು ನಮ್ಮೂರುಗಳ ಮಕ್ಕಳೂ ಹಟ ಹಿಡಿದು ಕೇಳುವ ದಪ್ಪ ಟೈರಿನ, ಗೇರಿರುವ ‘ಮೌಂಟನ್ ಬೈಕ್’ ಸೈಕಲ್ಲಿನ ಚರಿತ್ರೆಯಲ್ಲಿ ಈ ಪಟ್ಟಣಕ್ಕೆ ದೊಡ್ಡ ಹೆಸರು.

ಆದರೆ ಹೆಸರು ಬಂದದ್ದು ಯಾವುದೇ ಕಾರ್ಖಾನೆಯಿಂದಲ್ಲ, ಪ್ರಯೋಗಶಾಲೆಯಿಂದಲೂ ಅಲ್ಲ. ಪಟ್ಟಣದ ಪಶ್ಚಿಮಕ್ಕಿರುವ ಒಂದು ಮಣ್ಣಿನ ದಾರಿಯಿಂದ. ಕಾಳ್ಗಿಚ್ಚು ಎದ್ದಾಗ ಬೆಂಕಿ ನಂದಿಸುವ ವಾಹನಗಳು ಹೋಗಲೆಂದು ಗುಡ್ಡ ಕಡಿದು ಮಾಡಿದ ದಾರಿ ಇದು. ಸ್ಯಾನ್ ಜೆರೊನಿಮೊ ಎಂಬ ಗುಡ್ಡದೇಣಿನಿಂದ ಕ್ಯಾಸ್ಕೇಡ್ ಕಣಿವೆಗೆ ಸುಮಾರು 2 ಮೈಲಿಯೊಳಗೆ 1,300 ಅಡಿ ಧುಮುಕುತ್ತದೆ. ಸರಾಸರಿ ಲೆಕ್ಕ ಹಾಕಿದರೂ ನೂರು ಅಡಿ ಮುಂದೆ ಹೋಗುವಷ್ಟರಲ್ಲಿ 12 ಅಡಿಗಿಂತ ಹೆಚ್ಚು ಇಳಿಯಬೇಕು; ಕೆಲವು ಕಡೆ 20 ಅಡಿಗೂ ಮಿಕ್ಕಿ. ಈ ದಾರಿಯ ಹೆಸರು ‘ರಿಪ್ಯಾಕ್’.

ಕುಳ್ಳ ಮರಗಳ ಏಣು

ಇಲ್ಲಿ ಹತ್ತುವವರಿಗೆ ಮೊದಲು ಸಿಗುವುದು ಕಣಿವೆಯ ನೆರಳು. ಓಕ್ ಮರಗಳು, ಎಲೆ ಉಜ್ಜಿದರೆ ಘಮ್ಮೆನ್ನುವ ಬೇ ಮರಗಳು, ತೊರೆಯ ತಂಪು. ಮೇಲೇರಿದಂತೆ ಮರಗಳು ಹಿಂದೆ ಸರಿದು ಮೊಣಕಾಲೆತ್ತರ, ಎದೆಯೆತ್ತರದ ಬಿರುಸು ಪೊದೆಗಳು ಎದುರಾಗುತ್ತವೆ. ಬೇಸಿಗೆಯಲ್ಲಿ ಮಳೆಯೇ ಇಲ್ಲದ, ಚಳಿಗಾಲದಲ್ಲಿ ಮಳೆ ಸುರಿಯುವ ಹವೆಗೆ ಒಗ್ಗಿದ ಗಿಡಗಳಿವು. ಬೇಸಿಗೆಯ ಮುಂಜಾನೆ ಸಾಗರದಿಂದ ಮಂಜು ನುಗ್ಗಿ ಕಣಿವೆಗಳನ್ನೆಲ್ಲ ತುಂಬಿಬಿಡುತ್ತದೆ. ಏಣುಗಳು ಮಾತ್ರ ದ್ವೀಪಗಳ ಹಾಗೆ ತಲೆ ಎತ್ತಿ ನಿಲ್ಲುತ್ತವೆ.

ಏಣಿನ ಮೇಲೆ ಇನ್ನೊಂದು ವಿಚಿತ್ರ ಕಾದಿದೆ. ಅಲ್ಲಿ ಸಾರ್ಜೆಂಟ್ ಸೈಪ್ರೆಸ್ ಎಂಬ ಮರಗಳ ಕುಳ್ಳ ಕಾಡಿದೆ. ವಯಸ್ಸಾದ ಮರವೂ ಆಳೆತ್ತರಕ್ಕೆ ನಿಂತುಬಿಟ್ಟಿರುತ್ತದೆ. ಕಾರಣ ಕಾಲಡಿಯ ಹಸಿರು ಛಾಯೆಯ ಸರ್ಪೆಂಟೈನ್ ಶಿಲೆ. ಈ ಶಿಲೆ ಸವೆದು ಆದ ಮಣ್ಣಿನಲ್ಲಿ ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ ಕಡಿಮೆ, ಮೆಗ್ನೀಸಿಯಂ ವಿಪರೀತ, ಜೊತೆಗೆ ನಿಕ್ಕಲ್‌ನಂತಹ ಲೋಹಗಳ ಕಾಟ. ತಾಳಿಕೊಳ್ಳುವ ಗಿಡ ಮಾತ್ರ ಬದುಕುತ್ತದೆ, ಅದೂ ಕುಳ್ಳಾಗಿ. ಇಂಥ ನೆಲದಲ್ಲಿ ಒಂದು ಗಿಡ ತುಳಿತಕ್ಕೆ ಸಿಕ್ಕಿ ಹೋದರೆ ಅದರ ಜಾಗಕ್ಕೆ ಮತ್ತೊಂದು ಬರಲು ಬಹಳ ಕಾಲ ಬೇಕು.

ಗುಜರಿಯಿಂದ ಬಂದ ವಾಹನ

1970ರ ದಶಕದಲ್ಲಿ ಈ ಗುಡ್ಡಗಳಿಗೆ ಬರುತ್ತಿದ್ದ ಹುಡುಗರಲ್ಲಿ ಹಲವರು ‘ವೆಲೊ ಕ್ಲಬ್ ಟಮಲ್ಪೈಸ್’ ಎಂಬ ಸೈಕಲ್ ಸಂಘದವರು. ಚಾರ್ಲಿ ಕೆಲಿ, ಗ್ಯಾರಿ ಫಿಷರ್, ಜೋ ಬ್ರೀಜ್ ಮುಂತಾದವರು. ಡಾಂಬರು ರಸ್ತೆಯಲ್ಲಿ ತೆಳು ಟೈರಿನ ರೇಸ್ ಸೈಕಲ್ ಓಡಿಸುವುದು ಅವರ ಮುಖ್ಯ ಹವ್ಯಾಸ. ಅವರಲ್ಲಿ ಫಿಷರ್ ಒಮ್ಮೆ ಕೂದಲು ಉದ್ದ ಬಿಟ್ಟನೆಂಬ ಕಾರಣಕ್ಕೇ 1968ರಲ್ಲಿ ರೇಸುಗಳಿಂದ ಹೊರಗುಳಿಯಬೇಕಾಗಿ ಬಂದಿತ್ತು!

ತೆಳು ಟೈರು ಕಲ್ಲುದಾರಿಗೆ ಆಗದು. ಅದಕ್ಕಾಗಿ ಅವರು ಗುಜರಿ ಅಂಗಡಿ, ಹಳೆಯ ಮನೆಗಳ ಶೆಡ್ಡುಗಳನ್ನು ತಡಕಾಡಿ 1930–40ರ ದಶಕಗಳ ಹಳೇ ಸೈಕಲ್ಲು ಹುಡುಕಿ ತಂದರು. ಷಿಕಾಗೋದ ಶ್ವಿನ್ ಕಂಪನಿಯ ‘ಎಕ್ಸೆಲ್ಸಿಯರ್’ ಮಾದರಿ ಎಂದರೆ ಬಲು ಇಷ್ಟ. ಪತ್ರಿಕೆ ಹಂಚುವ ಹುಡುಗರು ಓಡಿಸುತ್ತಿದ್ದ ಜಾತಿಯ ಗಟ್ಟಿ ಫ್ರೇಮಿನ ಸೈಕಲ್ಲುಗಳವು. 26 ಇಂಚಿನ ಚಕ್ರ, ಎರಡು ಇಂಚಿಗೂ ಮಿಕ್ಕ ದಪ್ಪದ ‘ಬಲೂನ್’ ಟೈರು, ತೂಕ 20 ಕೆ.ಜಿ.ಗೂ ಹೆಚ್ಚು. ಮಡ್‌ಗಾರ್ಡ್, ಸ್ಟ್ಯಾಂಡು ಎಲ್ಲ ಕಿತ್ತು ಬಿಸಾಡಿ ಬೋಳು ಮಾಡಿದ ಈ ಲಟಾರಿ ವಾಹನಕ್ಕೆ ಅವರು ಇಟ್ಟ ಹೆಸರು ‘ಕ್ಲಂಕರ್’.

ಟೈರು ದಪ್ಪವಾದರೆ ಏನು ಲಾಭ? ಅದರಲ್ಲಿ ಗಾಳಿಯನ್ನು ಕಡಿಮೆ ಒತ್ತಡದಲ್ಲಿ ತುಂಬಬಹುದು. ಆಗ ಟೈರು ಕಲ್ಲಿನ ಮೇಲೆ ಪುಟಿಯುವ ಬದಲು ಅದರ ಆಕಾರಕ್ಕೆ ಒತ್ತಿಕೊಂಡು ಹಿಡಿತ ಸಾಧಿಸುತ್ತದೆ. ರಸ್ತೆಗೆ ಒಳ್ಳೆಯದಾದದ್ದು ಗುಡ್ಡಕ್ಕೆ ಕೆಟ್ಟದ್ದು, ಗುಜರಿಗೆ ಹೋದದ್ದು ಗುಡ್ಡಕ್ಕೆ ಒಳ್ಳೆಯದು. ಆ ಹುಡುಗರು ಗುಡ್ಡದಿಂದ ಕಲಿತ ಮೊದಲ ಪಾಠ ಇದು.

ಹೊಗೆಯಾಡಿದ ಗ್ರೀಸು

ಎರಡನೆಯ ಪಾಠ ಬ್ರೇಕಿನದು. ಹಳೇ ಕ್ಲಂಕರ್‌ಗೆ ನಮ್ಮ ಸೈಕಲ್ಲಿನ ಹಾಗೆ ಕೈಯಲ್ಲಿ ಹಿಡಿಯುವ ಬ್ರೇಕಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ಹಬ್ಬಿನೊಳಗೇ ತಡೆ ಬೀಳುತ್ತದೆ. ಸಮತಟ್ಟು ಬೀದಿಯಲ್ಲಿ ಇದು ಸಾಕು. ರಿಪ್ಯಾಕ್‌ನಲ್ಲಿ?

ಒಂದು ಲೆಕ್ಕ ಮಾಡಿ ನೋಡಬಹುದು. ಸವಾರನ ತೂಕ 75 ಕೆ.ಜಿ., ಸೈಕಲ್ಲಿನದು 23 ಕೆ.ಜಿ. ಎಂದುಕೊಳ್ಳೋಣ. ಒಟ್ಟು 98 ಕೆ.ಜಿ. ಇಳಿಯುವ ಎತ್ತರ 1,300 ಅಡಿ ಎಂದರೆ 396 ಮೀಟರ್. ರಾಶಿ, ಗುರುತ್ವ ವೇಗೋತ್ಕರ್ಷ 9.8, ಎತ್ತರ ಈ ಮೂರನ್ನೂ ಗುಣಿಸಿದರೆ ಸುಮಾರು 3 ಲಕ್ಷ 80 ಸಾವಿರ ಜೂಲ್ ಶಕ್ತಿ. ಶಕ್ತಿ ನಾಶವಾಗುವುದಿಲ್ಲ ಎಂದು ಪ್ರೌಢಶಾಲೆಯ ಪ್ರತಿ ವಿದ್ಯಾರ್ಥಿಯೂ ಓದಿರುತ್ತಾನೆ. ಬುಡದಲ್ಲಿ ಸೈಕಲ್ಲು ನಿಲ್ಲುವ ಹೊತ್ತಿಗೆ ಇಷ್ಟೂ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಒಂದಿಷ್ಟು ಗಾಳಿಗೆ, ಒಂದಿಷ್ಟು ಟೈರಿಗೆ, ನೆಲಕ್ಕೆ. ಉಳಿದದ್ದೆಲ್ಲ ಮುಷ್ಟಿಯಷ್ಟು ಗಾತ್ರದ ಒಂದು ಹಬ್ಬಿಗೆ, ಶಾಖವಾಗಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಲೀಟರಿಗೂ ತುಸು ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಆ 3 ಲಕ್ಷ 80 ಸಾವಿರ ಜೂಲ್ ಸಾಕು!

ಪರಿಣಾಮ, ಹಬ್ಬಿನೊಳಗಿನ ಗ್ರೀಸು ಸುಟ್ಟು ಹೊಗೆಯಾಗಿ ಹೊರಡುತ್ತಿತ್ತು. ಒಂದು ಸಲ ಇಳಿದರೆ ಮುಗಿಯಿತು. ಹಬ್ಬು ಬಿಚ್ಚಿ, ಒರೆಸಿ, ಹೊಸ ಗ್ರೀಸು ತುಂಬದೆ ಮತ್ತೆ ಇಳಿಯುವಂತಿಲ್ಲ. ಹೀಗೆ ‘ಮತ್ತೆ ತುಂಬು’ವುದಕ್ಕೆ ಇಂಗ್ಲಿಷಿನಲ್ಲಿ ರಿಪ್ಯಾಕ್ ಎನ್ನುತ್ತಾರೆ. ದಾರಿಗೂ ಅದೇ ಹೆಸರು ನಿಂತಿತು.

ನಾಲ್ಕು ನಿಮಿಷ 22 ಸೆಕೆಂಡು

ಯಾರು ಹೆಚ್ಚು ವೇಗ ಎಂಬ ವಾದ ಹುಡುಗರಿದ್ದಲ್ಲಿ ಹುಟ್ಟದೇ ಇರುತ್ತದೆಯೇ? 1976ರ ಅಕ್ಟೋಬರ್ 21ರಂದು ಮೊದಲ ರೇಸ್ ನಡೆಯಿತು. ದಾರಿ ಕಿರಿದು, ಒಟ್ಟಿಗೆ ಇಳಿದರೆ ಒಬ್ಬರ ಮೇಲೊಬ್ಬರು ಬೀಳುವುದು ಖಂಡಿತ. ಹಾಗಾಗಿ ಎರಡೆರಡು ನಿಮಿಷ ಬಿಟ್ಟು ಒಬ್ಬೊಬ್ಬರನ್ನೇ ಬಿಡುವುದೆಂದಾಯಿತು. ವೇಳೆ ಅಳೆಯಲು ಇದ್ದದ್ದು ನೌಕಾಪಡೆಯ ಒಂದು ಹಳೆಯ ಗಡಿಯಾರ ಮತ್ತು ಒಂದು ಅಲಾರಂ ಗಡಿಯಾರ. ಗೆದ್ದವನು ಆಲನ್ ಬಾಂಡ್ಸ್. ಅಂದು ಬೀಳದೆ ಕೆಳಗೆ ತಲುಪಿದವನು ಅವನೊಬ್ಬನೇ ಎಂದು ಹೇಳುತ್ತಾರೆ.

ಮುಂದೆ ಕೆಲಿ ಈ ರೇಸುಗಳ ವ್ಯವಸ್ಥಾಪಕನಾದ. 1984ರವರೆಗೆ ಒಟ್ಟು 24 ರೇಸುಗಳು ನಡೆದವು. ಬಹುಪಾಲು ನಡೆದದ್ದು ಮೊದಲ ಮೂರು ವರ್ಷಗಳಲ್ಲೇ. ಹಣದ ಬಹುಮಾನವಲ್ಲ, ಗೆಳೆಯರ ನಡುವಿನ ಹೆಮ್ಮೆಯೇ ಮುಖ್ಯ. ಫಿಷರ್ 4 ನಿಮಿಷ 22 ಸೆಕೆಂಡುಗಳಲ್ಲಿ ಇಳಿದು ದಾಖಲೆ ಮಾಡಿದ. ಅಂದರೆ ಸರಾಸರಿ ಗಂಟೆಗೆ ಸುಮಾರು 45 ಕಿ.ಮೀ. ವೇಗ. ಬ್ರೀಜ್‌ನ ಅತ್ಯುತ್ತಮ ವೇಳೆ ಅದಕ್ಕಿಂತ ಎರಡೇ ಸೆಕೆಂಡು ಹೆಚ್ಚು. ಹುಡುಗರ ಈ ಗುಂಪಿನಲ್ಲಿದ್ದ ವೆಂಡಿ ಕ್ರ್ಯಾಗ್ ಎಂಬ ಯುವತಿ 5 ನಿಮಿಷ 27 ಸೆಕೆಂಡುಗಳಲ್ಲಿ ಇಳಿದರು. ಅಷ್ಟೇ ಅಲ್ಲ, ಕ್ಯಾಮೆರಾ ಹಿಡಿದು ಆ ದಿನಗಳನ್ನು ಚಿತ್ರಗಳಲ್ಲಿ ಉಳಿಸಿದವರೂ ಅವರೇ. ದಾರಿಯ ಒಂದು ಕಠಿಣ ತಿರುವಿಗೆ ಇಂದಿಗೂ ‘ಕ್ಯಾಮೆರಾ ಕಾರ್ನರ್’ ಎಂದೇ ಹೆಸರು.

ಆ ಚಿತ್ರಗಳನ್ನು ನೋಡಿದರೆ ಸವಾರರು ಹೇಗೆ ಇಳಿಯುತ್ತಿದ್ದರೆಂಬುದು ತಿಳಿಯುತ್ತದೆ. ದಪ್ಪ ಜೀನ್ಸ್, ಕೈಗವಸು, ಬೂಟು. ಸೀಟಿನಿಂದ ಎದ್ದು, ಮೈಯನ್ನೆಲ್ಲ ಹಿಂದಿನ ಚಕ್ರದ ಕಡೆಗೆ ಸರಿಸಿ, ತಿರುವಿನಲ್ಲಿ ಒಂದು ಕಾಲು ನೆಲಕ್ಕೆ ಚಾಚಿ. ಇಳಿಜಾರಿನಲ್ಲಿ ಗುರುತ್ವ ಕೇಂದ್ರ ಮುಂದಕ್ಕೆ ವಾಲಿದಾಗ ಮುಂದಿನ ಬ್ರೇಕನ್ನು ಜೋರಾಗಿ ಹಿಡಿದರೆ ಸವಾರ ಹ್ಯಾಂಡಲ್ ಮೇಲಿಂದ ಲಾಗ ಹಾಕುವುದು ನಿಶ್ಚಿತ. ಮೈ ಹಿಂದಕ್ಕೆ ಸರಿಸುವುದು ಅದಕ್ಕೇ. ಆ ಚಿತ್ರಗಳಲ್ಲಿ ಹಲವರ ತಲೆಯ ಮೇಲೆ ಹೆಲ್ಮೆಟ್ ಇಲ್ಲ. ಇದೊಂದನ್ನು ಮಾತ್ರ ಇಂದಿನ ಯಾವ ಸವಾರನೂ ಅನುಕರಿಸಲಾರ, ಅನುಕರಿಸಬಾರದು.

ಮುರಿದದ್ದನ್ನು ಸರಿಪಡಿಸುತ್ತಾ

ಪ್ರತಿ ರೇಸಿನಲ್ಲೂ ಗುಡ್ಡ ಏನಾದರೊಂದು ಮುರಿಯುತ್ತಿತ್ತು. ಮುರಿದದ್ದನ್ನು ಮುಂದಿನ ಸಲಕ್ಕೆ ಗಟ್ಟಿ ಮಾಡಿಕೊಂಡು ಬರುವುದು ಸವಾರರ ಕೆಲಸ. ಹಬ್ಬಿನ ಬ್ರೇಕು ಸುಟ್ಟಿತೇ? ಡ್ರಮ್ ಬ್ರೇಕ್ ಹಾಕಿ, ಅದಕ್ಕೆ ಮೋಟಾರ್ ಸೈಕಲ್ಲಿನ ಲಿವರ್ ಜೋಡಿಸು. ಮೇಲಕ್ಕೆ ತಳ್ಳಿಕೊಂಡು ಹೋಗಿ ಸುಸ್ತಾಯಿತೇ? ಗೇರು ಹಾಕು. ಈ ಗೇರಿನ ಉಪಾಯವೂ ಮರಿನ್‌ನವರದು ಮಾತ್ರವಲ್ಲ. 1974ರ ಡಿಸೆಂಬರಿನಲ್ಲಿ ಹತ್ತಿರದ ಮಿಲ್ ವ್ಯಾಲಿಯಲ್ಲಿ ನಡೆದ ಸ್ಪರ್ಧೆಯೊಂದಕ್ಕೆ ಕ್ಯುಪರ್ಟಿನೊ ಊರಿನ ಕೆಲವು ಸವಾರರು ಗೇರು ಹಾಕಿದ ದಪ್ಪ ಟೈರಿನ ಸೈಕಲ್ಲುಗಳನ್ನು ತಂದಿದ್ದರು. ನೋಡಿದವರು ಮರೆಯಲಿಲ್ಲ.

ಕೊನೆಗೆ ಉಳಿದದ್ದು ಫ್ರೇಮು. ಹಳೇ ಎಕ್ಸೆಲ್ಸಿಯರ್ ಸಿಗುವುದೇ ಕಷ್ಟ, ಸಿಕ್ಕರೂ ಬಾಗುವುದು, ಬಿರುಕು ಬಿಡುವುದು. ಬ್ರೀಜ್‌ನ ತಂದೆ ರೇಸ್ ಕಾರುಗಳ ಕೆಲಸಗಾರರು. ಮಗನಿಗೂ ಲೋಹದ ಕೆಲಸ ಗೊತ್ತಿತ್ತು. 1977ರಲ್ಲಿ ಆತ ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕಿನ ಕೊಳವೆಗಳಿಂದ ಗುಡ್ಡಕ್ಕೆಂದೇ ಹೊಸ ಫ್ರೇಮು ಕಟ್ಟಿದ. ಆ ಮೊದಲ ‘ಬ್ರೀಜರ್’ ಸೈಕಲ್ಲು ಇಂದು ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಸ್ವತ್ತು. 1979ರಲ್ಲಿ ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನಿಟ್ಟುಕೊಂಡು ಫಿಷರ್ ಮತ್ತು ಕೆಲಿ ಅಂಗಡಿ ತೆರೆದರು. ಅಂಗಡಿಗೆ ಇಟ್ಟ ಹೆಸರು ‘ಮೌಂಟನ್‌ಬೈಕ್ಸ್’. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿದ ‘ಸ್ಟಂಪ್‌ಜಂಪರ್’ ಮಾದರಿ ಮಾರುಕಟ್ಟೆಗೆ ಬಂತು. ಮುಂದಿನದು ಜಗತ್ತಿಗೇ ಗೊತ್ತು. 1990ರಲ್ಲಿ ಕೊಲರಾಡೊ ರಾಜ್ಯದ ಡುರಾಂಗೊದಲ್ಲಿ ವಿಶ್ವ ಚಾಂಪಿಯನ್‌ಷಿಪ್, 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್. ಮೊದಲ ರಿಪ್ಯಾಕ್ ರೇಸಿಗೂ ಒಲಿಂಪಿಕ್ಸಿಗೂ ನಡುವೆ ಬರೀ ಇಪ್ಪತ್ತು ವರ್ಷ!

ಇವರಲ್ಲಿ ಯಾರೊಬ್ಬರನ್ನೂ ‘ಕಂಡುಹಿಡಿದವನು’ ಎಂದು ಕರೆಯಲಾಗದು. ಒಬ್ಬನ ಬ್ರೇಕು, ಇನ್ನೊಬ್ಬನ ಗೇರು, ಮತ್ತೊಬ್ಬನ ಬೆಸುಗೆ. ಎಲ್ಲರ ಕೆಲಸವನ್ನೂ ಪರೀಕ್ಷಿಸಿದ್ದು ಮಾತ್ರ ಒಂದೇ ಗುಡ್ಡ. ಹಳೇ ಸೈಕಲ್ಲು ಬಿಚ್ಚಿಕೊಂಡು ಅಂಗಳದಲ್ಲಿ ಕೂತ ಮಗನ ಕೈಯ ಗ್ರೀಸು ನೋಡಿ ರೇಗುವ ತಂದೆ ತಾಯಂದಿರು ಈ ಮಾತನ್ನು ಒಂದಿಷ್ಟು ನೆನಪಿಡಬಹುದು.

ದಾರಿ ಯಾರದು?

ಆದರೆ ಗುಡ್ಡದ ಕೊನೆಯ ಪಾಠ ಯಂತ್ರಕ್ಕೆ ಸಂಬಂಧಿಸಿದ್ದಲ್ಲ. ಹತ್ತಾರು ಜನ ಇಳಿಯುತ್ತಿದ್ದಾಗ ಯಾರಿಗೂ ದೊಡ್ಡ ತೊಂದರೆ ಎನಿಸಿರಲಿಲ್ಲ. ಸೈಕಲ್ಲು ಅಂಗಡಿಗೆ ಬಂದ ಮೇಲೆ ಸವಾರರು ಸಾವಿರಾರಾದರು. ಟ್ಯಾಮ್ ಬೆಟ್ಟದ ಕಾಲುದಾರಿಗಳಲ್ಲಿ ತಲೆಮಾರುಗಳಿಂದ ನಡೆದಾಡುತ್ತಿದ್ದವರಿದ್ದರು, ಕುದುರೆ ಸವಾರರಿದ್ದರು. ತಿರುವಿನಲ್ಲಿ ಸದ್ದಿಲ್ಲದೆ ನುಗ್ಗಿ ಬರುವ ಸೈಕಲ್ಲು ಕಂಡು ಮುದುಕರು ಹೆದರಿದರು, ಕುದುರೆಗಳು ಬೆದರಿದವು. ಚಕ್ರ ನಿಂತು ಜಾರಿದಾಗ ನೆಲದಲ್ಲಿ ಗೀರು ಬೀಳುತ್ತದೆ. ಚಳಿಗಾಲದ ಮಳೆನೀರು ಆ ಗೀರನ್ನೇ ಕಾಲುವೆ ಮಾಡಿಕೊಂಡು ಮಣ್ಣನ್ನು ಹೊತ್ತೊಯ್ಯುತ್ತದೆ.

1980ರ ದಶಕದಲ್ಲಿ ಅಲ್ಲಿನ ಕಿರಿದಾದ ಕಾಲುದಾರಿಗಳನ್ನು ಸೈಕಲ್ಲಿಗೆ ಮುಚ್ಚಲಾಯಿತು. ಅಗಲವಾದ ಮಣ್ಣಿನ ದಾರಿಗಳು ತೆರೆದೇ ಇವೆ, ಆದರೆ ವೇಗಮಿತಿ ಉಂಟು. ಸಾಮಾನ್ಯವಾಗಿ ಗಂಟೆಗೆ 15 ಮೈಲಿ, ಅಂದರೆ 24 ಕಿ.ಮೀ.; ಮುಂದೆ ಕಾಣದ ತಿರುವಿನಲ್ಲಿ, ಜನರನ್ನು ದಾಟುವಾಗ 5 ಮೈಲಿ, ಅಂದರೆ 8 ಕಿ.ಮೀ. ಮಿತಿ ಮೀರಿದವರನ್ನು ಹಿಡಿಯಲು ವನರಕ್ಷಕರು ರೇಡಾರ್ ಉಪಕರಣ ಹಿಡಿದು ನಿಂತದ್ದೂ ಉಂಟು. ಫಿಷರ್‌ನ ದಾಖಲೆಯ ಸರಾಸರಿ ವೇಗ ಈ ಮಿತಿಯ ಸುಮಾರು ಎರಡರಷ್ಟು. ಆದ್ದರಿಂದ ರಿಪ್ಯಾಕ್ ದಾರಿಯಲ್ಲಿ ಆ 4 ನಿಮಿಷ 22 ಸೆಕೆಂಡನ್ನು ಇಂದು ಕಾನೂನಿಗೆ ಒಳಪಟ್ಟು ಯಾರೂ ಮುರಿಯುವಂತಿಲ್ಲ.

ಇದು ಅನ್ಯಾಯ ಎನ್ನುವ ಸವಾರರಿದ್ದಾರೆ, ಇಷ್ಟೂ ಸಾಲದು ಎನ್ನುವ ನಡಿಗೆದಾರರೂ ಇದ್ದಾರೆ. ವಾದ ದಶಕಗಳಿಂದ ನಡೆದೇ ಇದೆ. ಇದರ ನಡುವೆ ಸವಾರರೇ ಒಂದಿಷ್ಟು ನಿಯಮ ಮಾಡಿಕೊಂಡರು. 1988ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮೌಂಟನ್ ಬೈಕ್ ಸಂಘ ಸಾರುವ ನಿಯಮಗಳು ಸರಳ: ತೆರೆದ ದಾರಿಯಲ್ಲಿ ಮಾತ್ರ ಹೋಗು, ನೆಲದಲ್ಲಿ ಗುರುತು ಬಿಡಬೇಡ, ಸೈಕಲ್ಲು ಹಿಡಿತದಲ್ಲಿರಲಿ, ಇತರರಿಗೆ ದಾರಿ ಬಿಡು, ಪ್ರಾಣಿಗಳನ್ನು ಹೆದರಿಸಬೇಡ, ಸಿದ್ಧತೆಯಿಲ್ಲದೆ ಹೊರಡಬೇಡ. ಗುಡ್ಡ ಯಾವ ದೇಶದ್ದಾದರೂ ಇದರಲ್ಲಿ ಬದಲಾಯಿಸುವಂಥದ್ದು ಏನೂ ಇಲ್ಲ.

ಫೇರ್‌ಫ್ಯಾಕ್ಸ್‌ನಲ್ಲಿ 2015ರಲ್ಲಿ ಸೈಕಲ್ ವಸ್ತುಸಂಗ್ರಹಾಲಯವೊಂದು ತೆರೆಯಿತು. ಕೊಲ್ಲಿಯ ಆಸುಪಾಸಿನ ಊರುಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ಹೋಗುವವರು ಅರ್ಧ ದಿನ ಬಿಡುವು ಮಾಡಿಕೊಂಡರೆ ಹಳೇ ಕ್ಲಂಕರ್‌ಗಳನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಕಾಲಲ್ಲಿ ಕಸುವಿದ್ದವರು ಏಣಿನವರೆಗೆ ನಡೆದೂ ಹೋಗಬಹುದು. ಚಳಿಗಾಲವಾದರೆ ಕೆಸರಿರುತ್ತದೆ, ಬೇಸಿಗೆಯಲ್ಲಿ ಏಣಿನ ಮೇಲೆ ನೆರಳು ಅಪರೂಪ, ನೀರು ಜೊತೆಗಿರಲಿ. ಇಳಿಯುವಾಗ ಹಿಂದಿನಿಂದ ಗಂಟೆಯ ಸದ್ದು ಕೇಳಿದರೆ ಒಂದು ಬದಿಗೆ ನಿಂತರಾಯಿತು. ಬುದ್ಧಿವಂತ ಸವಾರನಾದರೆ ಅವನೇ ವೇಗ ತಗ್ಗಿಸಿ, ನಮಸ್ಕಾರ ಹೇಳಿ ಮುಂದೆ ಸಾಗುತ್ತಾನೆ.