ಕಪ್ಪು, ಬಿಳುಪು ಮತ್ತು ಕತ್ತರಿಗೆ ಒಪ್ಪುವ ಗೆರೆ

ಬಿದ್ರಿ ಹೂಜಿಯ ಮೈಮೇಲೆ ಬೂದು ಬಣ್ಣಕ್ಕೆ ಜಾಗವೇ ಇಲ್ಲ. ಕಪ್ಪಿಗೆ ತಿರುಗಿದ ಸತು-ತಾಮ್ರದ ಎರಕ, ಅದರಲ್ಲಿ ಕೂತ ಬಿಳಿ ಬೆಳ್ಳಿ, ಇಷ್ಟೇ. ದಳದ ತಿರುವು, ಎಲೆಯ ನೆರಳು, ಬಳ್ಳಿಯ ಬಳುಕು ಎಲ್ಲವನ್ನೂ ಈ ಎರಡರಲ್ಲೇ ಹೇಳಿ ಮುಗಿಸಬೇಕು. ಬೀದರಿನ ಚೌಬಾರದ ಸುತ್ತಿನ ಕುಶಲಕರ್ಮಿಗಳು ಮೈಲುತುತ್ತ ಬಳಿದ ಮೈಮೇಲೆ ಚೂಪು ಮೊನೆಯಿಂದ ನೇರವಾಗಿ ಚಿತ್ತಾರ ಗೀಚುತ್ತಾರೆ. ಆಮೇಲೆ ಉಳಿಯ ಸರದಿ. ಬೆಳ್ಳಿಯ ತಂತಿ ಕೂರಿಸಿದರೆ ತಾರ್‌ಕಶಿ, ತಗಡು ಕತ್ತರಿಸಿ ಕೂರಿಸಿದರೆ ತಹನಿಶಾನ್.

ಭಾಲ್ಕಿ, ಔರಾದಿನ ರೇಡಿಯಂ ಅಂಗಡಿಗಳಲ್ಲಿ ಸ್ಟಿಕರಿನ ವಿನೈಲ್ ಹಾಳೆ ಕತ್ತರಿಸುವ ಕಟಿಂಗ್ ಪ್ಲಾಟರಿನ ಜಾಯಮಾನವೂ ಇದೇ. ಅದರ ಬ್ಲೇಡಿಗೆ ಬಣ್ಣ ಕಾಣದು, ನೆರಳು ತಿಳಿಯದು. ನಡೆಯಲು ಗೆರೆಯೊಂದು ಬೇಕು. ಫೋಟೊ ಎಂಬುದೋ ಔರಾದಿನ ಅಮರೇಶ್ವರ ಜಾತ್ರೆ: ಲಕ್ಷಾಂತರ ಚುಕ್ಕಿಗಳು, ಯಾವುದಕ್ಕೂ ಅಂಚಿಲ್ಲ. ಈ ಚುಕ್ಕಿಚಿತ್ರವನ್ನು ಗೆರೆಚಿತ್ರವಾಗಿಸುವ ತಂತ್ರಾಂಶ ಯಾವುದು, ಎಷ್ಟಕ್ಕೆ ಸಿಗುತ್ತದೆ ಎಂಬುದು ಹೊಸದಾಗಿ ಅಂಗಡಿ ತೆರೆಯುವವರ ಮೊದಲ ಚಿಂತೆ.

ಬೋರ್ಡು ಬರೆಯುವವರ ನಾಲಿಗೆಯಲ್ಲಿ ಓಡಾಡುವ ಹೆಸರು ಕೋರೆಲ್‌ಡ್ರಾ. ಒಳ್ಳೆಯದೇ, ಆದರೆ ದುಡ್ಡು ಬೇಡುತ್ತದೆ. ನನ್ನ ಮನಸ್ಸು ಒಲಿದಿರುವುದು 2003ರಲ್ಲಿ ಹುಟ್ಟಿದ, ಇಂದಿಗೂ ಬಿಟ್ಟಿಯಾಗಿಯೇ ಸಿಗುವ ಇಂಕ್‌ಸ್ಕೇಪಿಗೆ. ಅದರ ‘ಟ್ರೇಸ್ ಬಿಟ್‌ಮ್ಯಾಪ್’ನ ಒಳಗೆ ಚುಕ್ಕಿಗಳಿಂದ ಗೆರೆ ತೆಗೆಯುವ, ಪೀಟರ್ ಸೆಲಿಂಗರ್ ಬರೆದ ಪೋಟ್ರೇಸ್ ಕೂತಿದೆ. ಬೆಳಕಿನ ಮಿತಿಯ ಅಂಕಿಯನ್ನು ತುಸು ಏರಿಸಿದರೆ ಫೋಟೊದಲ್ಲಿನ ಕೋಟೆಯ ಬುರುಜು ಕಪ್ಪಿನಲ್ಲಿ ಮುಳುಗುತ್ತದೆ. ತುಸು ಇಳಿಸಿದರೆ ಕಲ್ಲಿನ ಸಂದುಗಳಷ್ಟೇ ಉಳಿಯುತ್ತವೆ. ಹೀಗೆ ಏರಿಸುತ್ತ ಇಳಿಸುತ್ತ ಮಧ್ಯಾಹ್ನವೊಂದು ಕರಗಿದರೆ ಕರಗಲಿ. ನೋಡುವುದನ್ನು ಕಲಿಯಲು ಅದಕ್ಕಿಂತ ಸುಖದ ದಾರಿ ನನಗೆ ಕಂಡಿಲ್ಲ.

ಮೂಡಿದ ಗೆರೆಯೂ ಒಮ್ಮೊಮ್ಮೆ ಗಂಟುಗಂಟು. ಪ್ರತಿ ಗಂಟಿನಲ್ಲೂ ಬ್ಲೇಡು ತಡವರಿಸಿ ವಿನೈಲಿನ ಅಂಚು ಹರಿಯಬಹುದು. ‘ಸಿಂಪ್ಲಿಫೈ’ ಒತ್ತಿದರೆ ಗೆರೆ ನುಣುಪಾಗುತ್ತದೆ. ಅತಿಯಾಗಿ ಒತ್ತಿದರೆ ನವಿಲಿನ ಕೊಕ್ಕೂ ಮೊಂಡಾಗುತ್ತದೆ. ನಮ್ಮ ಅಕ್ಷರಗಳ ಚೆಲುವಿನದು ಇನ್ನೊಂದು ಬಗೆ. ಬಣ್ಣ ಬಳಿಯಲು ‘ಠ’ಕಾರದ ಅಚ್ಚು ಕತ್ತರಿಸಿ ನೋಡಿ, ವೃತ್ತದ ಒಡಲು ಚುಕ್ಕಿಯನ್ನೂ ಕರೆದುಕೊಂಡು ಕಳಚಿ ಬೀಳುತ್ತದೆ. ಅದನ್ನು ಹಿಡಿದಿಡಲು ಅಲ್ಲಲ್ಲಿ ಸಣ್ಣ ಸೇತುವೆ ಬಿಡಬೇಕು. ಆ ಸೇತುವೆ ಎಲ್ಲಿದ್ದರೆ ಅಕ್ಷರಕ್ಕೆ ನೋವಾಗದು ಎಂಬುದನ್ನು ಕಣ್ಣೇ ಹೇಳಬೇಕು.

ತಹನಿಶಾನಿನವರಿಗೆ ಇದೆಲ್ಲ ಕೈಗೆ ಹತ್ತಿದ ತಿಳಿವಳಿಕೆ. ದಳವೊಂದನ್ನು ತಗಡಿನಲ್ಲಿ ಕತ್ತರಿಸುವಾಗ ಯಾವ ನೆರಳನ್ನು ಬಿಟ್ಟರೂ ಹೂವು ಹೂವಾಗಿಯೇ ಉಳಿಯುತ್ತದೆಂದು ಅವರು ಬಲ್ಲರು. ಗೆರೆಗಾರಿಕೆಯ ಮುಕ್ಕಾಲು ಪಾಲು ಈ ಬಿಡುವಿಕೆಯೇ. ದುಬಾರಿ ತಂತ್ರಾಂಶ ಕೆಲಸವನ್ನು ಬೇಗ ಮುಗಿಸೀತು, ಬಿಡುವ ಗೆರೆಯನ್ನು ನಮ್ಮ ಪರವಾಗಿ ಆರಿಸಲಾರದು. ಆದ್ದರಿಂದ ಅಂಗಡಿ ತೆರೆಯುವವರು ದುಡ್ಡನ್ನು ಒಳ್ಳೆಯ ಬ್ಲೇಡಿಗೆ, ಒಳ್ಳೆಯ ವಿನೈಲಿಗೆ ಎತ್ತಿಡಲಿ. ಇಂಕ್‌ಸ್ಕೇಪಿಗೆ ಕೊಡಬೇಕಾದ್ದು ಬಿಡುವು ಮಾತ್ರ. ಅದನ್ನು ಧಾರಾಳವಾಗಿ ಕೊಡಲಿ.